"ನಮ್ಮನೇಲಿ ಎಲ್ಲರಿಗೂ ಹಾಗೇ": ರಕ್ತ ನಿಲ್ಲಿಸೋ ಒಂದು ಪ್ರೋಟೀನ್ ಕಥೆ



ಮೊದಲೇ ಒಂದು ಮಾತು. ಇವತ್ತಿನ ಸಂಚಿಕೆಯಲ್ಲಿ ರಕ್ತಸ್ರಾವದ ಬಗ್ಗೆ, ತಿಂಗಳ ಮುಟ್ಟಿನ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡ್ತೀವಿ. ಇದು ಹೆಂಗಸರ ವಿಷಯ ಅಂತ ಗಂಡಸರು ಇಯರ್‌ಫೋನ್ ತೆಗೆದಿಡಬೇಡಿ. ನಾವು ಹೇಳೋ ಪ್ರೋಟೀನ್ ನಿಮ್ಮ ರಕ್ತದಲ್ಲೂ ಇದೆ, ಅದರ ಜೀನ್ ನಿಮ್ಮಿಂದ ನಿಮ್ಮ ಮಗಳಿಗೂ ಹೋಗುತ್ತೆ.

ಕಥೆ ಶುರುವಾಗೋದು ಒಂದು ಅರ್ಜಿ ಫಾರಂನಿಂದ. ನಾವಿರೋದು ಜರ್ಮನಿಯಲ್ಲಿ. ಇಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಆದರೂ ಸರಿ, ಮೊದಲು ನಾಲ್ಕೈದು ಪುಟದ ಪ್ರಶ್ನೆಪಟ್ಟಿ ಕೈಗೆ ಕೊಡ್ತಾರೆ. ನಮ್ಮ ತಂಡದ ಗೆಳತಿಯೊಬ್ಬಳು ಬುದ್ಧಿಹಲ್ಲು ತೆಗೆಸೋಕೆ ಹೋದಾಗ ಅವಳಿಗೂ ಕೊಟ್ಟರು. ಮೂಗಿಂದ ಕಾರಣವಿಲ್ಲದೆ ರಕ್ತ ಬರುತ್ತಾ? ಎಲ್ಲೂ ತಾಗದೇ ಮೈಮೇಲೆ ನೀಲಿ ಕಲೆ ಏಳುತ್ತಾ? ಹಿಂದೆ ಹಲ್ಲು ಕಿತ್ತಾಗ ರಕ್ತ ನಿಲ್ಲೋಕೆ ತಡವಾಗಿತ್ತಾ? ಮುಟ್ಟಿನ ಸ್ರಾವ ಏಳು ದಿನ ದಾಟುತ್ತಾ? ಕುಟುಂಬದಲ್ಲಿ ಇನ್ನಾರಿಗಾದರೂ ಹೀಗಿದೆಯಾ?

ಮೊದಲ ನಾಲ್ಕಕ್ಕೂ ಅವಳು "ಹೌದು" ಅಂತ ಗುರುತು ಹಾಕಿದಳು. ಕೊನೆಯದು ಗೊತ್ತಿರಲಿಲ್ಲ. ಹಾಸನದಲ್ಲಿರೋ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ನಕ್ಕುಬಿಟ್ಟರು. "ನಿಂಗೊಬ್ಳಿಗೇನಾ? ನಿಮ್ಮಜ್ಜಿಗೂ ಹಾಗೇ, ನಂಗೂ ಹಾಗೇ, ನಿಮ್ಮ ಚಿಕ್ಕಮ್ಮಂಗೂ ಹಾಗೇ. ನಮ್ಮನೇಲಿ ಎಲ್ಲರಿಗೂ ಹಾಗೇ ಕಣೇ. ಅದನ್ನೆಲ್ಲ ಡಾಕ್ಟರ ಹತ್ರ ಹೇಳೋಕೆ ಹೋಗಬೇಡ."

ಸಮಾಧಾನಕ್ಕೆ ಹೇಳಿದ ಮಾತು ಅದು. ಆದರೆ ಜೀವವಿಜ್ಞಾನಿಗಳ ಕಿವಿಗೆ ಬೇರೆ ಥರ ಕೇಳಿಸುತ್ತೆ. ಮನೇಲಿ ಎಲ್ಲರಿಗೂ ಹಾಗೇ ಅಂದ್ರೆ, ಅದು ಮನೆತನದಲ್ಲಿ ಹರಿದು ಬರ್ತಿದೆ ಅಂತ ಅರ್ಥ.

ರಕ್ತ ನಿಲ್ಲೋದು ಹೇಗೆ?

ರಕ್ತವನ್ನು ಒಂದು ಟ್ಯೂಬ್‌ನಲ್ಲಿ ಹಾಕಿ ಜೋರಾಗಿ ತಿರುಗಿಸಿದರೆ ಕೆಂಪುಕಣಗಳು ತಳಕ್ಕೆ ಇಳಿದು, ಮೇಲೆ ತಿಳಿಹಳದಿ ದ್ರವ ನಿಲ್ಲುತ್ತೆ. ಅದೇ ಪ್ಲಾಸ್ಮಾ. ರಕ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪಾಲು ಇದೇ. ಇದರಲ್ಲಿ 90ಕ್ಕಿಂತ ಹೆಚ್ಚು ಭಾಗ ಬರೀ ನೀರು. ಉಳಿದಿದ್ದರಲ್ಲಿ ಮುಖ್ಯವಾಗಿ ಪ್ರೋಟೀನ್‌ಗಳು, ಒಂದು ಲೀಟರ್ ಪ್ಲಾಸ್ಮಾದಲ್ಲಿ ಸುಮಾರು 70 ಗ್ರಾಂ. ಅರ್ಧಕ್ಕೂ ಹೆಚ್ಚು ಆಲ್ಬುಮಿನ್. ರೋಗದ ವಿರುದ್ಧ ಹೋರಾಡೋ ಪ್ರತಿಕಾಯಗಳು ಒಂದಷ್ಟು. ಹೆಪ್ಪುಗಟ್ಟಿಸೋ ಪ್ರೋಟೀನ್‌ಗಳು ಇನ್ನೊಂದಷ್ಟು.

ಗಾಯವಾದಾಗ ರಕ್ತ ನಿಲ್ಲೋದು ಎರಡು ಹಂತದಲ್ಲಿ. ಕೆರೆ ಏರಿ ಒಡೆದಾಗ ಊರಿನವರು ಏನು ಮಾಡ್ತಾರೆ? ಮೊದಲು ಕೈಗೆ ಸಿಕ್ಕ ಮರಳುಮೂಟೆ ತುರುಕ್ತಾರೆ. ಆಮೇಲೆ ಮಣ್ಣು, ಕಲ್ಲು ಹಾಕಿ ಗಟ್ಟಿ ಮಾಡ್ತಾರೆ. ನಮ್ಮ ದೇಹದ ಮರಳುಮೂಟೆಗಳು ಪ್ಲೇಟ್‌ಲೆಟ್‌ಗಳು. ಡೆಂಗ್ಯೂ ದೆಸೆಯಿಂದ ಈ ಹೆಸರು ಈಗ ಎಲ್ಲರಿಗೂ ಗೊತ್ತು. ಗಟ್ಟಿ ಮಾಡೋ ಕೆಲಸ ಫೈಬ್ರಿನ್ ಅನ್ನೋ ಪ್ರೋಟೀನ್ ಬಲೆಯದು. ಆ ಬಲೆ ಹೆಣೆಯೋಕೆ ಫ್ಯಾಕ್ಟರ್‌ಗಳು ಅಂತ ಕರೆಯೋ ಪ್ರೋಟೀನ್‌ಗಳ ಒಂದು ಸಾಲೇ ಬೇಕು. ಒಂದು ಇನ್ನೊಂದನ್ನು ಎಬ್ಬಿಸುತ್ತೆ, ಅದು ಮತ್ತೊಂದನ್ನು.

ಆ ಸಾಲಿನಲ್ಲಿ ಫ್ಯಾಕ್ಟರ್ 8 ಇಲ್ಲದಿದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಇಲ್ಲದಿದ್ದರೆ ಹಿಮೋಫಿಲಿಯಾ ಬಿ. ನಮ್ಮ ಪತ್ರಿಕೆಗಳಲ್ಲಿ ಇದನ್ನೇ ಕುಸುಮ ರೋಗ ಅಂತ ಬರೀತಾರೆ. ಇವೆರಡರ ಜೀನ್‌ಗಳೂ ಎಕ್ಸ್ ವರ್ಣತಂತುವಿನ ಮೇಲಿವೆ, ಹಾಗಾಗಿ ತೀವ್ರ ರೂಪದಲ್ಲಿ ಕಾಣೋದು ಹೆಚ್ಚಾಗಿ ಗಂಡುಮಕ್ಕಳಲ್ಲಿ. ಇದರಿಂದಲೇ ಒಂದು ತಪ್ಪು ಕಲ್ಪನೆ ಬೇರೂರಿಬಿಟ್ಟಿದೆ: ರಕ್ತ ನಿಲ್ಲದ ಕಾಯಿಲೆ ಅಂದ್ರೆ ಗಂಡಸರ ಕಾಯಿಲೆ, ಹೆಂಗಸರು ಅದನ್ನು ಬರೀ ಮುಂದಕ್ಕೆ ಸಾಗಿಸ್ತಾರೆ ಅಂತ.

ಈ ಕಲ್ಪನೆ ಎಷ್ಟು ತಪ್ಪು ಅಂತ ನೋಡೋಕೆ ನಾವೀಗ ನೂರು ವರ್ಷ ಹಿಂದಕ್ಕೆ, ಬಾಲ್ಟಿಕ್ ಸಮುದ್ರದ ಒಂದು ದ್ವೀಪಕ್ಕೆ ಹೋಗೋಣ.

ಓಲಂಡ್ ದ್ವೀಪದ ಹುಡುಗಿ

ಫಿನ್ಲೆಂಡ್ ಮತ್ತು ಸ್ವೀಡನ್ ನಡುವೆ ಓಲಂಡ್ ಅಂತ ದ್ವೀಪಗಳ ಗುಂಪಿದೆ. ದೇಶ ಫಿನ್ಲೆಂಡ್, ಮಾತು ಸ್ವೀಡಿಷ್. 1924ರಲ್ಲಿ ಅಲ್ಲಿಂದ ಐದು ವರ್ಷದ ಒಬ್ಬ ಹುಡುಗಿಯನ್ನು ಹೆಲ್ಸಿಂಕಿಯ ಆಸ್ಪತ್ರೆಗೆ ಕರೆತಂದರು. ಮೂಗು, ತುಟಿ, ಒಸಡು, ಎಲ್ಲಿಂದ ರಕ್ತ ಬಂದರೂ ನಿಲ್ತಿರಲಿಲ್ಲ. ಅವಳ ಒಡಹುಟ್ಟಿದ ನಾಲ್ಕು ಹೆಣ್ಣುಮಕ್ಕಳು ಆಗಲೇ ರಕ್ತಸ್ರಾವದಿಂದ ತೀರಿಕೊಂಡಿದ್ದರು.

ಅವಳನ್ನು ನೋಡಿದ ವೈದ್ಯರು ಎರಿಕ್ ವಾನ್ ವಿಲ್ಲೆಬ್ರಾಂಡ್. ಅವರು ಮಗುವನ್ನಷ್ಟೇ ನೋಡಲಿಲ್ಲ, ಇಡೀ ಮನೆತನದ ವಿವರ ಕಲೆಹಾಕಿದರು. 66 ಜನರ ಪೈಕಿ 23 ಜನರಿಗೆ ರಕ್ತ ನಿಲ್ಲದ ತೊಂದರೆ ಇತ್ತು. ಅವರಲ್ಲಿ ಹೆಂಗಸರೇ ಹೆಚ್ಚು. ಹಿಮೋಫಿಲಿಯಾ ಆಗಿದ್ದರೆ ಹೀಗಿರಬಾರದು. ಪ್ಲೇಟ್‌ಲೆಟ್ ಎಣಿಸಿದರು, ಸಂಖ್ಯೆ ಸರಿಯಾಗಿತ್ತು. ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟೋ ಸಮಯವೂ ಸರಿಯಾಗಿತ್ತು. ಆದರೆ ಚರ್ಮದ ಮೇಲೆ ಸಣ್ಣ ಗಾಯ ಮಾಡಿದರೆ ಮಾತ್ರ ರಕ್ತ ನಿಲ್ಲೋಕೆ ತುಂಬಾ ಹೊತ್ತು ಹಿಡೀತಿತ್ತು.

ಅಂದ್ರೆ ಮರಳುಮೂಟೆಗಳಿವೆ, ಮಣ್ಣು ಕಲ್ಲೂ ಇದೆ. ಆದರೂ ಏರಿಯ ಬಿರುಕು ಮುಚ್ಚುತ್ತಿಲ್ಲ.

1926ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬರೆದಿದ್ದು ತಮ್ಮ ಮಾತೃಭಾಷೆ ಸ್ವೀಡಿಷ್‌ನಲ್ಲಿ. ಇದು ಹಿಮೋಫಿಲಿಯಾ ಥರ ಕಂಡರೂ ಹಿಮೋಫಿಲಿಯಾ ಅಲ್ಲ, ವಂಶದಲ್ಲಿ ಬರೋ ಬೇರೆಯೇ ಕಾಯಿಲೆ ಅಂದರು. ಕಾರಣ ಮಾತ್ರ ಆಗ ಸಿಗಲಿಲ್ಲ. ಆ ಹುಡುಗಿ 13ನೇ ವಯಸ್ಸಿಗೆ ತೀರಿಕೊಂಡಳು. ಅದು ಅವಳ ನಾಲ್ಕನೇ ಮುಟ್ಟು. ಸ್ರಾವ ನಿಲ್ಲಲೇ ಇಲ್ಲ.

ಕಾಣೆಯಾಗಿದ್ದು ಪ್ಲಾಸ್ಮಾದಲ್ಲಿ

ಮುಂದಿನ ಮೂವತ್ತು ವರ್ಷ ದೋಷ ಪ್ಲೇಟ್‌ಲೆಟ್‌ನದೋ, ರಕ್ತನಾಳದ ಗೋಡೆಯದೋ ಅನ್ನೋ ಚರ್ಚೆಯಲ್ಲೇ ಕಳೆಯಿತು. 1953ರಲ್ಲಿ ಅಮೆರಿಕದ ಸಂಶೋಧಕರು ಇಂಥ ರೋಗಿಗಳಲ್ಲಿ ಫ್ಯಾಕ್ಟರ್ 8 ಕೂಡ ಕಡಿಮೆ ಇರೋದನ್ನು ಕಂಡರು. ಗೊಂದಲ ಇನ್ನೂ ಹೆಚ್ಚಾಯಿತು.

ಗಂಟು ಬಿಡಿಸಿದ್ದು ಸ್ವೀಡನ್‌ನ ಇಂಗಾ ಮರಿ ನಿಲ್ಸನ್, ಮಾರ್ಗರೆಟಾ ಬ್ಲೋಂಬೆಕ್ ಮತ್ತವರ ಸಂಗಡಿಗರು. ಆರೋಗ್ಯವಂತರ ಪ್ಲಾಸ್ಮಾದಿಂದ ಒಂದು ಅಂಶವನ್ನು ಬೇರ್ಪಡಿಸಿ ಈ ರೋಗಿಗಳಿಗೆ ಕೊಟ್ಟರು. ಫ್ಯಾಕ್ಟರ್ 8 ಏರಿತು, ಜೊತೆಗೆ ಗಾಯದ ರಕ್ತವೂ ಬೇಗ ನಿಂತಿತು. 1957ರಲ್ಲಿ ಅದನ್ನು ಪ್ರಕಟಿಸಿದರು. ಹಾಗಾದ್ರೆ ದೋಷ ಪ್ಲೇಟ್‌ಲೆಟ್‌ನಲ್ಲಿಲ್ಲ, ಪ್ಲಾಸ್ಮಾದಲ್ಲಿ. ಸರಿ, ಕೊರತೆ ಇರೋದು ಫ್ಯಾಕ್ಟರ್ 8ದೇನಾ? ಇದನ್ನು ತಿಳಿಯೋಕೆ ಅವರು ಮಾಡಿದ ಪ್ರಯೋಗ ನಮಗೆ ಬಹಳ ಇಷ್ಟ. ಫ್ಯಾಕ್ಟರ್ 8 ಇಲ್ಲದ ಹಿಮೋಫಿಲಿಯಾ ರೋಗಿಯ ಪ್ಲಾಸ್ಮಾದಿಂದ ಅದೇ ಅಂಶವನ್ನು ತಯಾರಿಸಿ ಕೊಟ್ಟು ನೋಡಿದರು. ಆಗಲೂ ರಕ್ತ ನಿಂತಿತು!

ಯೋಚನೆ ಮಾಡಿ. ಫ್ಯಾಕ್ಟರ್ 8 ಇಲ್ಲದವರ ಪ್ಲಾಸ್ಮಾದಲ್ಲೂ ಈ ಮದ್ದು ಇದೆ ಅಂದ್ರೆ, ಕಾಣೆಯಾಗಿರೋದು ಬೇರೆಯೇ ಒಂದು ಪ್ರೋಟೀನ್. ಅದಕ್ಕೇ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅಂತ ಹೆಸರು ನಿಂತಿತು. 1985ರಲ್ಲಿ ಅದರ ಜೀನ್ ಸಿಕ್ಕಿತು, 12ನೇ ವರ್ಣತಂತುವಿನ ಮೇಲೆ. ಎಕ್ಸ್ ಮೇಲಲ್ಲ. ಹಾಗಾಗಿ ಗಂಡು, ಹೆಣ್ಣು ಇಬ್ಬರಿಗೂ ಸಮನಾಗಿ ಬರುತ್ತೆ. ಬರೋದು ಸಮ, ಕಾಡೋದು ಸಮ ಅಲ್ಲ. ಪ್ರತಿ ತಿಂಗಳೂ ರಕ್ತ ಹೋಗಿ ನಿಲ್ಲಬೇಕಾದ್ದು, ಹೆರಿಗೆಯಲ್ಲಿ ನಿಲ್ಲಬೇಕಾದ್ದು ಹೆಣ್ಣಿಗೆ ತಾನೇ?

ಹೊಳೆಯಲ್ಲಿ ಬಿಟ್ಟ ಸೀರೆ

ಈ ಪ್ರೋಟೀನ್ ಮಾಡೋ ಕೆಲಸ ಏನು?

ರಕ್ತನಾಳದಲ್ಲಿ ರಕ್ತ ನಿಂತ ನೀರಲ್ಲ, ಹರಿಯೋ ಹೊಳೆ. ಸಣ್ಣ ನಾಳಗಳಲ್ಲಿ ಗೋಡೆಯ ಪಕ್ಕದ ಸೆಳೆತ ಬಹಳ ಜೋರು. ಹೊಳೆಯಲ್ಲಿ ತೇಲಿ ಹೋಗೋ ಎಲೆ ದಡಕ್ಕೆ ಸುಮ್ಮನೆ ಅಂಟಿಕೊಳ್ಳುತ್ತಾ? ಹಾಗೇ ಪ್ಲೇಟ್‌ಲೆಟ್ ಕೂಡ ಗಾಯದ ಪಕ್ಕದಲ್ಲೇ ಹಾದು ಹೋಗಿಬಿಡುತ್ತೆ. ಅದನ್ನು ಹಿಡಿದು ನಿಲ್ಲಿಸೋಕೆ ಯಾರಾದರೂ ಬೇಕು.

ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಒಂದು ಸರಪಳಿ. ಒಂದೊಂದು ಕೊಂಡಿಯಲ್ಲೂ 2050 ಅಮೈನೋ ಆಮ್ಲಗಳು. ಇಂಥ ಕೊಂಡಿಗಳು ಒಂದಕ್ಕೊಂದು ಸೇರಿ ರಕ್ತದಲ್ಲಿರೋ ಅತಿ ದೊಡ್ಡ ಪ್ರೋಟೀನ್‌ಗಳಲ್ಲಿ ಒಂದಾಗುತ್ತೆ. ಮಾಮೂಲಿ ಸಮಯದಲ್ಲಿ ಅದು ಮಡಚಿದ ಸೀರೆ ಥರ ಮುದ್ದೆಯಾಗಿ ತೇಲ್ತಿರುತ್ತೆ. ಯಾರ ತಂಟೆಗೂ ಹೋಗಲ್ಲ. ಗಾಯವಾದಾಗ ನಾಳದ ಒಳಪದರ ಹರಿದು ಕೆಳಗಿನ ಕೊಲಾಜನ್ ಹೊರಗೆ ಕಾಣುತ್ತೆ. ಈ ಪ್ರೋಟೀನ್ ಅದಕ್ಕೆ ಅಂಟಿಕೊಳ್ಳುತ್ತೆ. ಅಂಟಿದ ತಕ್ಷಣ ಸೆಳೆತ ಅದನ್ನು ಎಳೆಯುತ್ತೆ. ಹೊಳೆದಂಡೆಯಲ್ಲಿ ಬಟ್ಟೆ ಜಾಲಿಸುವಾಗ ಸೀರೆಯ ಒಂದು ತುದಿ ಹಿಡಿದು ನೀರಿಗೆ ಬಿಟ್ಟರೆ ಮಡಿಕೆ ಬಿಚ್ಚಿ ಉದ್ದಕ್ಕೆ ಹರಡಿಕೊಳ್ಳುತ್ತಲ್ಲ, ಹಾಗೆ. ಒಳಗೆ ಮುಚ್ಚಿದ್ದ ಕೊಕ್ಕೆಗಳು ತೆರೆದುಕೊಂಡು, ಹಾದು ಹೋಗೋ ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತವೆ. ಸೆಳೆತ ಜೋರಿದ್ದಷ್ಟೂ ಸರಪಳಿ ಬಿಚ್ಚಿಕೊಳ್ಳುತ್ತೆ.

ಎರಡನೇ ಕೆಲಸವೂ ಇದೆ. ಫ್ಯಾಕ್ಟರ್ 8 ಒಂಟಿಯಾಗಿ ರಕ್ತದಲ್ಲಿ ಹೆಚ್ಚು ಹೊತ್ತು ಬಾಳಲ್ಲ. ಈ ಸರಪಳಿ ಅದನ್ನು ಜೊತೆಗಿಟ್ಟುಕೊಂಡು ಕಾಪಾಡುತ್ತೆ. ಜೊತೆಗಿದ್ದರೆ ಫ್ಯಾಕ್ಟರ್ 8 ಅರ್ಧಕ್ಕಿಳಿಯೋಕೆ ಸುಮಾರು 12 ಗಂಟೆ, ಇಲ್ಲದಿದ್ದರೆ ಒಂದೆರಡು ಗಂಟೆ ಅಷ್ಟೇ. 1953ರ ಗೊಂದಲಕ್ಕೆ ಇದೇ ಉತ್ತರ: ಕಾವಲಿನವರು ಇಲ್ಲದಿದ್ದಾಗ ಫ್ಯಾಕ್ಟರ್ 8 ಕೂಡ ಕರಗಿಹೋಗ್ತಿತ್ತು.

ಇಷ್ಟೆಲ್ಲ ಮಾಡೋ ಪ್ರೋಟೀನ್ ಎಷ್ಟಿದೆ ಗೊತ್ತಾ? ಲೀಟರ್ ಪ್ಲಾಸ್ಮಾಕ್ಕೆ ಸುಮಾರು 10 ಮಿಲಿಗ್ರಾಂ. ದೊಡ್ಡವರೊಬ್ಬರ ರಕ್ತದಲ್ಲಿ ತೇಲ್ತಿರೋದನ್ನೆಲ್ಲ ಒಟ್ಟು ಮಾಡಿ ತೂಗಿದರೆ ಒಂದೆರಡು ಅಕ್ಕಿಕಾಳಿನ ತೂಕ.

ಹೆಚ್ಚಾದರೂ ಕಷ್ಟವೇ. ಸರಪಳಿ ತೀರಾ ಉದ್ದವಾದರೆ ಗಾಯವಿಲ್ಲದ ಕಡೆಯೂ ಪ್ಲೇಟ್‌ಲೆಟ್ ಹಿಡಿದು ಸಣ್ಣ ನಾಳಗಳನ್ನು ಕಟ್ಟಿಹಾಕುತ್ತೆ. ಅದನ್ನು ಕತ್ತರಿಸಿ ಹದವಾಗಿಡೋಕೆ ಅಡ್ಯಾಮ್‌ಟಿಎಸ್ 13 ಅನ್ನೋ ಇನ್ನೊಂದು ಪ್ರೋಟೀನ್ ಪ್ಲಾಸ್ಮಾದಲ್ಲೇ ಇದೆ. 2001ರಲ್ಲಿ ಅದನ್ನು ಗುರುತಿಸಿದರು. ಸರಪಳಿ ಮತ್ತು ಕತ್ತರಿ, ಎರಡರ ಸಮತೋಲದಲ್ಲಿ ನಮ್ಮ ದಿನ ಸಾಗ್ತಿದೆ.

ಯಾಕೆ ಪತ್ತೆಯಾಗಲ್ಲ?

ವಂಶದಲ್ಲಿ ಬರೋ ರಕ್ತಸ್ರಾವದ ಕಾಯಿಲೆಗಳಲ್ಲಿ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯೇ ಅತಿ ಸಾಮಾನ್ಯ. ತೊಂದರೆ ಕೊಡೋ ಮಟ್ಟದಲ್ಲಿ ಅಂದಾಜು ಸಾವಿರಕ್ಕೊಬ್ಬರಲ್ಲಿ ಇದೆ. ಮೂರು ಬಗೆ. ಒಂದನೇ ಬಗೆಯಲ್ಲಿ ಪ್ರೋಟೀನ್ ಕಡಿಮೆ, ಹೆಚ್ಚಿನವರು ಇದೇ ಗುಂಪು. ಎರಡನೆಯದರಲ್ಲಿ ಪ್ರೋಟೀನ್ ಇರುತ್ತೆ, ಸರಿಯಾಗಿ ಕೆಲಸ ಮಾಡಲ್ಲ. ಮೂರನೆಯದರಲ್ಲಿ ಹೆಚ್ಚುಕಡಿಮೆ ಇರೋದೇ ಇಲ್ಲ. ಓಲಂಡ್ ಹುಡುಗಿಯದು ಈ ಮೂರನೇ ಬಗೆ. ಇದು ಅಪರೂಪ, ತಂದೆ ತಾಯಿ ಇಬ್ಬರಿಂದಲೂ ದೋಷವಿರೋ ಜೀನ್ ಬಂದರೆ ಮಾತ್ರ ಆಗೋದು. ಹಾಗಾಗಿ ರಕ್ತಸಂಬಂಧದಲ್ಲಿ ಮದುವೆಯಾದಾಗ ಇದರ ಸಾಧ್ಯತೆ ಹೆಚ್ಚು. ಸೋದರಮಾವನಿಗೋ ಅತ್ತೆಮಗನಿಗೋ ಹೆಣ್ಣು ಕೊಡೋ ರೂಢಿ ನಮ್ಮ ಕಡೆ ಇನ್ನೂ ಇದೆ. ಆದ್ದರಿಂದ ಇದು ನಮಗೆ ದೂರದ ದ್ವೀಪದ ಮಾತಲ್ಲ.

ಕಡಿಮೆ ಮಟ್ಟದ ಕೊರತೆ ಪತ್ತೆಯಾಗದಿರೋಕೆ ಕೆಲವು ಕಾರಣಗಳಿವೆ.

ಒಂದು, ಮಾಮೂಲಿ ಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳಲ್ಲ. ಪ್ಲೇಟ್‌ಲೆಟ್ ಎಣಿಕೆ ಸರಿ, ಹೆಪ್ಪುಗಟ್ಟೋ ಸಮಯ ಸರಿ, "ಎಲ್ಲ ನಾರ್ಮಲ್" ಅಂತ ರಿಪೋರ್ಟ್ ಬರಬಹುದು. ಈ ಪ್ರೋಟೀನಿನ ಪ್ರಮಾಣ ಮತ್ತು ಅದರ ಕೆಲಸವನ್ನು ಬೇರೆಯಾಗಿ ಅಳೆಯಬೇಕು.

ಎರಡು, ಈ ಪ್ರೋಟೀನ್ ಒಂದೇ ಮಟ್ಟದಲ್ಲಿ ನಿಲ್ಲಲ್ಲ. ಜ್ವರ, ಒತ್ತಡ, ವ್ಯಾಯಾಮ, ಬಸಿರು, ಎಲ್ಲದರಲ್ಲೂ ಏರುತ್ತೆ. ಸೂಜಿ ಕಂಡು ಅಳೋ ಮಗುವಿನ ರಕ್ತದಲ್ಲೂ ಏರಿರಬಹುದು. ಆದ್ದರಿಂದ ಒಂದು ಸಲ ಸರಿ ಬಂತು ಅಂತ ಕೈಬಿಡೋ ಹಾಗಿಲ್ಲ. ಹೆರಿಗೆಯಾದ ಮೇಲಂತೂ ಏರಿದ್ದು ಕೆಲವೇ ದಿನಗಳಲ್ಲಿ ಇಳಿಯುತ್ತೆ. ಬಾಣಂತಿಗೆ ಒಂದೆರಡು ವಾರದ ನಂತರ ಸ್ರಾವ ಹೆಚ್ಚಾಗೋದು ಅದರಿಂದಲೂ ಇರಬಹುದು.

ಮೂರು, ರಕ್ತದ ಗುಂಪು. ಓ ಗುಂಪಿನವರಲ್ಲಿ ಈ ಪ್ರೋಟೀನ್ ಬೇರೆಯವರಿಗಿಂತ ಸರಾಸರಿ ಕಾಲು ಭಾಗ ಕಡಿಮೆ. ರಕ್ತದ ಗುಂಪನ್ನು ನಿರ್ಧರಿಸೋ ಸಕ್ಕರೆ ಅಣುಗಳು ಈ ಸರಪಳಿಯ ಮೇಲೂ ಇರುತ್ತವೆ. ಓ ಗುಂಪಿನವರಲ್ಲಿ ಸರಪಳಿ ಬೇಗ ತೆರವಾಗುತ್ತೆ.

ನಾಲ್ಕನೇ ಕಾರಣ ಲ್ಯಾಬ್‌ನಲ್ಲಿಲ್ಲ, ಮನೆಯಲ್ಲಿದೆ. ಅಮ್ಮ, ಅಜ್ಜಿ, ಚಿಕ್ಕಮ್ಮ ಎಲ್ಲರಿಗೂ ಎಂಟು ಹತ್ತು ದಿನ ಹೋಗ್ತಿದ್ದರೆ ಮನೆಯ ಹುಡುಗಿಗೆ ಅದೇ ಅಳತೆಗೋಲು. ಹೋಲಿಸೋಕೆ ಬೇರೆ ಯಾರೂ ಇಲ್ಲ. ಹುಡುಗಿಗೆ ಮೂಗಿಂದ ರಕ್ತ ಬಂದರೆ "ಉಷ್ಣ", ಎಳನೀರು ಕುಡಿ ಅಂತೀವಿ. ತಲೆಸುತ್ತು ಬಂದರೆ "ನಿಶ್ಶಕ್ತಿ", ಕಬ್ಬಿಣದ ಮಾತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಇದಕ್ಕೆ ಊಟದಿಂದ ಹಿಡಿದು ಹಲವು ಕಾರಣಗಳಿವೆ, ಎಲ್ಲವನ್ನೂ ಒಂದು ಪ್ರೋಟೀನ್ ತಲೆಗೆ ಕಟ್ಟೋದು ತಪ್ಪು. ಆದರೆ ಎಲ್ಲರಿಗೂ ರಕ್ತ ಕಡಿಮೆ ಇರೋ ಊರಲ್ಲಿ, ಒಬ್ಬಳಿಗೆ ಯಾಕೆ ಕಡಿಮೆ ಅಂತ ಕೇಳೋದೇ ನಿಂತುಹೋಗುತ್ತೆ.

ಏನು ಗಮನಿಸಬೇಕು?

ಪ್ಯಾಡ್ ಒಂದೆರಡು ಗಂಟೆಗೇ ನೆನೆದು ಬದಲಿಸಬೇಕಾಗೋದು. ದೊಡ್ಡ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಹೋಗೋದು. ಏಳು ದಿನ ದಾಟೋದು. ಮೊದಲ ಮುಟ್ಟಿನಿಂದಲೇ ಹೀಗಿರೋದು. ಜೊತೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಮೂಗಿನ ರಕ್ತ, ಸುಮ್ಮಸುಮ್ಮನೆ ನೀಲಿ ಕಲೆ, ಹಲ್ಲು ಕಿತ್ತಾಗ ಅಥವಾ ಹೆರಿಗೆಯಲ್ಲಿ ಹೆಚ್ಚು ಸ್ರಾವ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೆ, ಅದರಲ್ಲೂ ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ, "ವಾನ್ ವಿಲ್ಲೆಬ್ರಾಂಡ್ ಪರೀಕ್ಷೆ ಮಾಡಿಸಬೇಕಾ?" ಅಂತ ವೈದ್ಯರನ್ನು ಕೇಳಿ. ಹೆಚ್ಚು ಮುಟ್ಟಿನ ಸ್ರಾವ ಇರೋ ಹೆಂಗಸರನ್ನು ಪರೀಕ್ಷಿಸಿದ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸುಮಾರು ಶೇ. 13 ಮಂದಿಯಲ್ಲಿ ಈ ಕಾಯಿಲೆ ಕಂಡಿತ್ತು. ಉಳಿದವರಿಗೆ ಗರ್ಭಕೋಶದ ಗಡ್ಡೆ, ಥೈರಾಯ್ಡ್, ಹಾರ್ಮೋನ್ ಹೀಗೆ ಬೇರೆ ಕಾರಣಗಳಿರಬಹುದು. ಅವನ್ನೂ ನೋಡಬೇಕು.

ಪತ್ತೆಯಾದರೆ ಮಾಡೋಕೆ ಬೇಕಾದಷ್ಟಿದೆ. ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಜಪಾನಿನ ಉತಾಕೊ ಮತ್ತು ಶೋಸುಕೆ ಒಕಮೊಟೊ ದಂಪತಿ ಕಂಡುಹಿಡಿದದ್ದು. ನಾಳದ ಗೋಡೆಯ ಕೋಶಗಳು ಈ ಪ್ರೋಟೀನನ್ನು ಒಳಗೆ ಕೂಡಿಟ್ಟಿರುತ್ತವೆ. ಆ ದಾಸ್ತಾನನ್ನು ಹೊರಗೆ ಬಿಡಿಸೋ ಡೆಸ್ಮೊಪ್ರೆಸಿನ್ ಅನ್ನು ಇಟಲಿಯ ವೈದ್ಯರು 1977ರಲ್ಲಿ ಬಳಸಿ ತೋರಿಸಿದರು. ಅದು ಎಲ್ಲರಿಗೂ ಆಗಲ್ಲ, ವೈದ್ಯರು ಪರೀಕ್ಷಿಸಿ ಕೊಡ್ತಾರೆ. ಮೂರನೇ ಬಗೆಯಂಥ ತೀವ್ರ ಕೊರತೆಗೆ ಪ್ರೋಟೀನನ್ನೇ ಚುಚ್ಚುಮದ್ದಾಗಿ ಕೊಡಬಹುದು. ಮುಟ್ಟಿನ ಸ್ರಾವಕ್ಕೆ ಹಾರ್ಮೋನ್ ಚಿಕಿತ್ಸೆಯೂ ಇದೆ. ಮನೆಯಲ್ಲಿ ಪಾಲಿಸಬೇಕಾದ್ದು ಒಂದೇ ಒಂದು: ಮುಟ್ಟಿನ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ನೀವಾಗೇ ನುಂಗಬೇಡಿ, ಅವು ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುತ್ತವೆ. ಕರ್ನಾಟಕದಲ್ಲಿರೋರಿಗೆ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ರಕ್ತಸ್ರಾವದ ಕಾಯಿಲೆ ಇರೋರಿಗೆಂದೇ ಕೆಲಸ ಮಾಡೋ ಸಂಸ್ಥೆ.

ಮತ್ತೆ ಹಾಸನಕ್ಕೆ

ನಮ್ಮ ಗೆಳತಿಯ ಮಾಮೂಲಿ ರಿಪೋರ್ಟ್‌ಗಳೆಲ್ಲ ಸರಿಯಾಗೇ ಬಂದವು. ಆದರೆ ಫಾರಂ ಓದಿದ ವೈದ್ಯೆ ಬಿಡಲಿಲ್ಲ, ಈ ಪ್ರೋಟೀನನ್ನೂ ಅಳೆಸಿದರು. ನಾರ್ಮಲ್ ಅನ್ನೋದು 50ರಿಂದ ಮೇಲೆ. ಅವಳದು 38. ಕೆಲವು ವಾರ ಬಿಟ್ಟು ನೋಡಿದಾಗ 41. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ 30ರಿಂದ 50ರ ನಡುವೆ ಇದ್ದು, ರಕ್ತಸ್ರಾವದ ಇತಿಹಾಸವೂ ಇದ್ದರೆ ಅದು ಒಂದನೇ ಬಗೆಯ ಕಾಯಿಲೆ. ಹಲ್ಲು ತೆಗೆಯೋ ಮುಂಚೆಯೇ ಮಾತ್ರೆ ಕೊಟ್ಟರು. ರಕ್ತ ಸಲೀಸಾಗಿ ನಿಂತಿತು.

ಅವತ್ತು ಸಂಜೆ ಅಮ್ಮನಿಗೆ ಹೇಳಿದಾಗ ಆ ಕಡೆ ತುಂಬಾ ಹೊತ್ತು ಮಾತಿರಲಿಲ್ಲವಂತೆ. ಆಮೇಲೆ ಕೇಳಿದ್ದು ಒಂದೇ: "ಹಾಗಾದ್ರೆ ನಿಮ್ಮ ಚಿಕ್ಕಮ್ಮಂಗೆ ಗರ್ಭಕೋಶ ತೆಗೆಸಿದ್ದು?" ಚಿಕ್ಕಮ್ಮನಿಗೆ ಆಗ 36 ವರ್ಷ. ಅದಕ್ಕೂ ಮುಂಚೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ. ರಕ್ತ ಯಾಕೆ ನಿಲ್ತಿಲ್ಲ ಅಂತ ಯಾರೂ ಪರೀಕ್ಷಿಸಿರಲಿಲ್ಲ. ಬೇರೆ ದಾರಿ ಇತ್ತಾ ಅನ್ನೋದನ್ನು ಈಗ ಹೇಳೋಕಾಗಲ್ಲ. ನಮ್ಮ ಹತ್ತಿರ ಆ ಪ್ರಶ್ನೆಗೆ ಉತ್ತರವಿಲ್ಲ.

ಉತ್ತರವಿರೋ ಪ್ರಶ್ನೆ ಇನ್ನೊಂದಿತ್ತು. ಗೆಳತಿಯ ಅಕ್ಕನ ಮಗಳಿಗೆ 12 ವರ್ಷ. ವಾರಕ್ಕೊಮ್ಮೆಯಾದರೂ ಮೂಗಲ್ಲಿ ರಕ್ತ, ಉಷ್ಣ ಅಂತ ದಿನಾ ಎಳನೀರು. ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಅವಳದೂ ಕಡಿಮೆ. ಅವಳಿಗಿನ್ನೂ ಮೊದಲ ಮುಟ್ಟು ಆಗಿಲ್ಲ. ಆದಾಗ ಯಾವ ಮಾತ್ರೆ, ಎಷ್ಟು ದಿನ, ಯಾವಾಗ ಆಸ್ಪತ್ರೆಗೆ ಓಡಬೇಕು, ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದ ಒಂದು ಚೀಟಿ ಹಾಸನದ ಮನೆಯ ಫ್ರಿಜ್ ಮೇಲೆ ಅಂಟಿಸಿದೆ. ಅಂಟಿಸಿದ್ದು ಅಜ್ಜಿಯೇ.

ಈ ವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿ ನೋಡಿ. ನಾವು ಸಂಶೋಧಕರು, ನಿಮ್ಮ ವೈದ್ಯರಲ್ಲ. ಔಷಧದ ನಿರ್ಧಾರ ನಿಮ್ಮ ವೈದ್ಯರ ಜೊತೆಗೇ ಆಗಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.